ಬುದ್ಧನ ಕೈ ಓದುವ ಕ್ರಮ

ಸಾಗರ, ಸೊರಬದ ಗುಡಿಗಾರರ ಅಂಗಡಿಯಲ್ಲಿ ಮರದ ಬುದ್ಧ, ಹೋಂಸ್ಟೇಗಳ ಅಂಗಳದಲ್ಲಿ ಫೈಬರ್ ಬುದ್ಧ, ಮುಂಡಗೋಡಿನ ಟಿಬೆಟನ್ ಮಠಗಳಲ್ಲಿ ಬಂಗಾರದ ಬಣ್ಣದ ಬುದ್ಧ. ಮಲೆನಾಡಿನಲ್ಲಿ ಬುದ್ಧನ ಮೂರ್ತಿ ಈಗ ಅಪರೂಪವೇನಲ್ಲ. ಮುಖ ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ: ಅರೆಮುಚ್ಚಿದ ಕಣ್ಣು, ಗುಂಗುರು ಕೂದಲು, ಇಳಿಬಿದ್ದ ಕಿವಿ. ಮುಖ ನೋಡಿ ಇವನು ಯಾವ ಬುದ್ಧ, ಅವನ ಬದುಕಿನ ಯಾವ ಗಳಿಗೆಯನ್ನು ಶಿಲ್ಪಿ ತೋರಿಸಿದ್ದಾನೆ ಎಂದು ಹೇಳಲಾಗದು. ಅದನ್ನು ಹೇಳುವುದು ಕೈ.

ಮುದ್ರೆಗಳ, ಅಂದರೆ ಕೈಯ ಭಂಗಿಗಳ, ಹೆಸರನ್ನು ಬಾಯಿಪಾಠ ಮಾಡಿಕೊಂಡರೆ ಸಾಕು ಎಂದು ಹಲವರು ಅಂದುಕೊಳ್ಳುತ್ತಾರೆ. ತೊಡಕು ಶುರುವಾಗುವುದೇ ಅಲ್ಲಿ. ಕುಳಿತ ಬುದ್ಧನ ಬಲಗೈ ಮಂಡಿಯ ಮೇಲಿಂದ ಕೆಳಗೆ ಇಳಿಬಿದ್ದಿದೆ ಎನ್ನಿ. ಅಂಗೈ ಒಳಮುಖವಾಗಿದ್ದು ಬೆರಳ ತುದಿ ಪೀಠಕ್ಕೆ ತಾಗಿದ್ದರೆ ಅದು ಭೂಮಿಸ್ಪರ್ಶ. ಅದೇ ಕೈ, ಅದೇ ಜಾಗ, ಆದರೆ ಅಂಗೈ ನೋಡುವವರ ಕಡೆ ತಿರುಗಿದ್ದರೆ ಅದು ವರದ, ವರ ಕೊಡುವ ಕೈ. ಅಂಗೈ ಹೊರಗೆ ತಿರುಗಿದ್ದು ಬೆರಳುಗಳ ನಡುವೆ ಎಲೆಸಹಿತ ಒಂದು ಕಾಯಿ ಇದ್ದರೆ ಅವನು ಶಾಕ್ಯಮುನಿಯೇ, ಅಂದರೆ ಗೌತಮ ಬುದ್ಧನೇ ಅಲ್ಲ, ಭೈಷಜ್ಯಗುರು, ಅಂದರೆ ವೈದ್ಯ ಬುದ್ಧ. ಆ ಕಾಯಿ ನಮ್ಮ ಕಾಡಿನ ಅಳಲೆಕಾಯಿ. ಎಡಗೈಯಲ್ಲಿ ಔಷಧದ ಬಟ್ಟಲು ಇರುತ್ತದೆ, ಟಿಬೆಟಿನ ಚಿತ್ರಗಳಲ್ಲಿ ಮೈಬಣ್ಣ ಕಡುನೀಲಿ. ಕೈ ಒಂದಿಷ್ಟೂ ಜರುಗದೆ, ಬರಿ ಅಂಗೈ ತಿರುಗಿದ್ದಕ್ಕೆ, ಒಂದು ಕಾಯಿ ಸೇರಿದ್ದಕ್ಕೆ ಮೂರು ಬೇರೆ ಬೇರೆ ಮೂರ್ತಿಗಳಾದವು.

ಹಾಗಾಗಿ ನೋಡುವುದಕ್ಕೆ ಒಂದು ಕ್ರಮ ಇಟ್ಟುಕೊಳ್ಳುವುದು ಒಳ್ಳೆಯದು. ಮೊದಲು ಮೂರ್ತಿ ನಿಂತಿದೆಯೋ, ಪದ್ಮಾಸನದಲ್ಲಿದೆಯೋ, ಕುರ್ಚಿಯ ಮೇಲೆ ಕುಳಿತಂತೆ ಕಾಲು ಇಳಿಬಿಟ್ಟಿದೆಯೋ ನೋಡಬೇಕು. ಆಮೇಲೆ ಬಲಗೈ ಎಲ್ಲಿದೆ: ಹೆಗಲ ಮಟ್ಟವೋ, ಎದೆಯ ಮಟ್ಟವೋ, ಮಡಿಲೋ, ಮಂಡಿಯೋ. ಮೂರನೆಯದು ಅಂಗೈಯ ದಿಕ್ಕು. ನಾಲ್ಕನೆಯದು ಎಡಗೈ ಏನು ಮಾಡುತ್ತಿದೆ. ಬೆರಳುಗಳ ಸರದಿ ಬರುವುದು ಇವೆಲ್ಲ ಆದ ಮೇಲೆ. ಕೊನೆಗೆ ಪೀಠದ ಮೇಲೆ ಕೆತ್ತಿದ ಪ್ರಾಣಿ, ಚಕ್ರ, ವಜ್ರಾಯುಧ, ಇಂಥ ಗುರುತು. ಹೊಸಬರು ಬೆರಳಿನಿಂದ ಶುರುಮಾಡಿ ದಾರಿ ತಪ್ಪುತ್ತಾರೆ, ಏಕೆಂದರೆ ಹಳೆಯ ಮೂರ್ತಿಯಲ್ಲಿ ಮೊದಲು ಹೋಗುವುದೇ ಬೆರಳು.

ನೆಲ ಮುಟ್ಟುವ ಕೈ

ಜಗತ್ತಿನಲ್ಲಿ ಅತಿ ಹೆಚ್ಚು ಕೆತ್ತಿಸಿಕೊಂಡ ಮುದ್ರೆಗಳಲ್ಲಿ ಭೂಮಿಸ್ಪರ್ಶ ಒಂದು. ಬೋಧಗಯೆಯ ಮಹಾಬೋಧಿ ದೇಗುಲದ ಮುಖ್ಯ ಮೂರ್ತಿ ಇದೇ ಭಂಗಿಯಲ್ಲಿದೆ. ಕೊರಿಯಾದ ಸೊಕ್ಕುರಾಮ್ ಗುಹೆಯ 8ನೇ ಶತಮಾನದ ಬುದ್ಧನೂ ಹೀಗೆಯೇ ಕುಳಿತಿದ್ದಾನೆ. ಬಿಹಾರ, ಬಂಗಾಳದಲ್ಲಿ ಪಾಲರು ಆಳುತ್ತಿದ್ದ ಕಾಲದಲ್ಲಿ, ಅಂದರೆ 8ರಿಂದ 12ನೇ ಶತಮಾನದ ನಡುವೆ, ಈ ಮುದ್ರೆ ಎಲ್ಲೆಡೆ ಹಬ್ಬಿತು.

ಕಥೆ ಚಿಕ್ಕದು. ಅರಳಿಮರದ ಕೆಳಗೆ ಸಿದ್ಧಾರ್ಥ ಬೋಧಿಯ ಅಂಚಿನಲ್ಲಿದ್ದಾನೆ. ಆಸೆ, ಭಯ ಒಡ್ಡಿ ಸಾಧನೆ ಕೆಡಿಸುವ ಮಾರ ತನ್ನ ಸೇನೆಯೊಡನೆ ಬಂದು, ಈ ಆಸನದಲ್ಲಿ ಕೂರಲು ನಿನಗೇನು ಹಕ್ಕು, ನಿನ್ನ ಪುಣ್ಯಕ್ಕೆ ಸಾಕ್ಷಿ ಯಾರು ಎಂದು ಕೇಳುತ್ತಾನೆ. ಸಿದ್ಧಾರ್ಥ ಬಲಗೈ ಇಳಿಸಿ ನೆಲ ಮುಟ್ಟುತ್ತಾನೆ. ಭೂಮಿಯೇ ಸಾಕ್ಷಿ. ಅಜಂತಾದ 26ನೇ ಗುಹೆಯ ಗೋಡೆಯಲ್ಲಿ ಮಾರನ ದಂಡು, ಅವನ ಹೆಣ್ಣುಮಕ್ಕಳು ಎಲ್ಲರೂ ಸುತ್ತುವರಿದಿದ್ದರೂ ನಡುವೆ ಬುದ್ಧನ ಬಲಗೈ ಕೆಳಗಿಳಿದಿದೆ. ಕೆಲವು ಪಾಲ ಶಿಲ್ಪಗಳಲ್ಲಿ ಪೀಠದ ಮೇಲೆ ಭೂದೇವಿಯ ಪುಟ್ಟ ಆಕೃತಿಯೂ ಇರುತ್ತದೆ. ಅದು ಕಣ್ಣಿಗೆ ಬಿದ್ದರೆ ಮುದ್ರೆಯ ಬಗ್ಗೆ ಅನುಮಾನವೇ ಉಳಿಯುವುದಿಲ್ಲ.

ಭಂಗಿಯ ವಿವರ ಹೀಗೆ. ಬಲ ಮುಂಗೈ ಬಲ ಮಂಡಿಯ ಮೇಲೆ ಹಾದು ಕೆಳಗಿಳಿಯುತ್ತದೆ, ಅಂಗೈ ಕಾಲಿನ ಕಡೆಗೆ, ಕೈಯ ಹಿಂಬದಿ ನಮ್ಮ ಕಡೆಗೆ. ನಡುಬೆರಳಿನ ತುದಿ ಆಸನಕ್ಕೆ ತಾಗಬೇಕು, ಇಲ್ಲವೇ ತಾಗುವಷ್ಟು ಹತ್ತಿರ ಇರಬೇಕು. ಎಡಗೈ ಹೊಕ್ಕುಳ ಕೆಳಗೆ, ಮಡಿಲಲ್ಲಿ, ಅಂಗೈ ಮೇಲೆ. ಟಿಬೆಟಿನ ಪದ್ಧತಿಯಲ್ಲಿ ಆ ಎಡ ಅಂಗೈಯಲ್ಲಿ ಭಿಕ್ಷಾಪಾತ್ರೆ ಇರುತ್ತದೆ. ಮಾಮೂಲಿ ಮನುಷ್ಯನ ಕೈ ಪದ್ಮಾಸನದಲ್ಲಿ ಮಂಡಿ ದಾಟಿ ನೆಲ ಮುಟ್ಟಬೇಕಾದರೆ ಸ್ವಲ್ಪ ಬಾಗಲೇಬೇಕು. ಬುದ್ಧನ ಬೆನ್ನು ಮಾತ್ರ ನೆಟ್ಟಗೇ ಇರುತ್ತದೆ. ಮಹಾಪುರುಷನ 32 ಲಕ್ಷಣಗಳಲ್ಲಿ ಆಜಾನುಬಾಹು ಎನ್ನುವುದೂ ಒಂದು: ನಿಂತಾಗ ಬಾಗದೆಯೇ ಕೈ ಮಂಡಿ ಮುಟ್ಟುತ್ತದೆ. ಈ ಉದ್ದ ತೋಳು ಇಲ್ಲಿ ಶಿಲ್ಪಿಯ ಕೆಲಸವನ್ನು ಸುಲಭ ಮಾಡುತ್ತದೆ.

ಅಲಂಕಾರಕ್ಕೆ ಮಾಡಿದ ಮೂರ್ತಿಗಳಲ್ಲಿ ಈ ತೋಳು ಗಿಡ್ಡವಾಗಿ, ಬೆರಳು ಮಂಡಿಯ ಮೇಲೆಯೇ ನಿಂತುಬಿಡುತ್ತದೆ. ಆಗ ಬುದ್ಧ ದಣಿದು ಮಂಡಿ ಹಿಡಿದು ಕುಳಿತಂತೆ ಕಾಣುತ್ತಾನೆ. ಇನ್ನೊಂದು ದೋಷ ಅಂಗೈ ಮಂಡಿಯನ್ನು ಅಮುಕುವಂತೆ ಚಪ್ಪಟೆಯಾಗುವುದು. ಭೂಮಿಸ್ಪರ್ಶದಲ್ಲಿ ಭಾರ ಬೆರಳಿನ ಮೇಲೂ ಇಲ್ಲ, ಮಂಡಿಯ ಮೇಲೂ ಇಲ್ಲ. ಮಣಿಕಟ್ಟು ಸಡಿಲ, ಬೆರಳು ನೀಳ. ಒಳ್ಳೆಯ ಕೆತ್ತನೆಯನ್ನು ಗುರುತಿಸಲು ಮಣಿಕಟ್ಟೊಂದನ್ನು ನೋಡಿದರೆ ಸಾಕು.

ಫೋಟೊ ನೋಡಿ ಮೂರ್ತಿ ಮಾಡಿಸುವವರು ಬೀಳುವ ಹಳ್ಳ ಬೇರೆಯೇ ಇದೆ. ಕನ್ನಡಿ ಬಿಂಬದಂತೆ ತಿರುಗಿದ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ, ಅವುಗಳಲ್ಲಿ ಎಡಗೈ ನೆಲ ಮುಟ್ಟುತ್ತಿರುತ್ತದೆ. ಪರೀಕ್ಷೆ ಸುಲಭ, ಹೆಗಲು ನೋಡಿ. ಒಂದೇ ಹೆಗಲು ಬರಿದಾಗಿದ್ದರೆ ಅದು ಬುದ್ಧನ ಬಲ ಹೆಗಲಾಗಿರಬೇಕು, ಚೀವರ, ಅಂದರೆ ಭಿಕ್ಷು ಹೊದೆಯುವ ಬಟ್ಟೆ, ಎಡ ಹೆಗಲ ಮೇಲೆ ಬೀಳುತ್ತದೆ. ಎಡ ಹೆಗಲು ಬರಿದಾಗಿ ಕಂಡರೆ ಚಿತ್ರ ತಿರುಗಿದೆ ಎಂದೇ ಲೆಕ್ಕ. ಎರಡೂ ಹೆಗಲು ಮುಚ್ಚಿದ ಮೂರ್ತಿಗೆ ಈ ಪರೀಕ್ಷೆ ನಡೆಯದು, ಅಲ್ಲಿ ಚಿತ್ರದಲ್ಲಿ ಎಲ್ಲಾದರೂ ಬರಹವಿದ್ದರೆ ಅದನ್ನು ನೋಡಬೇಕು.

ಮಡಿಲಲ್ಲಿ ಎರಡು ಕೈ

ಧ್ಯಾನಮುದ್ರೆ ವಿವರಿಸಲು ಸುಲಭ, ಗುರುತಿಸಲು ಕಷ್ಟ. ಎರಡೂ ಅಂಗೈ ಮೇಲ್ಮುಖವಾಗಿ ಒಂದರ ಮೇಲೊಂದು ಮಡಿಲಲ್ಲಿ. ಭಾರತದ ಮೂರ್ತಿಗಳಲ್ಲಿ ಸಾಮಾನ್ಯವಾಗಿ ಬಲಗೈ ಮೇಲೆ. ಜಪಾನಿನ ಝೆನ್ ಸಾಧಕರು ಕೂರುವಾಗ ಎಡಗೈ ಮೇಲಿರುತ್ತದೆ, ಹೆಬ್ಬೆರಳ ತುದಿಗಳು ತಾಗಿ ಮೊಟ್ಟೆಯಾಕಾರ ಮೂಡುತ್ತದೆ. ಅಲ್ಲಿಯದೇ ಕಾಮಾಕುರಾದ 13ನೇ ಶತಮಾನದ, ಅಮಿತಾಭ ಎಂಬ ಬುದ್ಧನ ಕಂಚಿನ ಮೂರ್ತಿಯಲ್ಲಿ ತೋರುಬೆರಳುಗಳು ಮಡಚಿ ಬೆನ್ನಿಗೆ ಬೆನ್ನು ಕೊಟ್ಟು ನಿಂತು, ಹೆಬ್ಬೆರಳುಗಳು ಅವುಗಳ ತಲೆಗೆ ತಾಗುತ್ತವೆ. ಬೈಲಕುಪ್ಪೆಯ ನಾಮ್ಡ್ರೋಲಿಂಗ್ ಮಠದ ಸುಮಾರು 60 ಅಡಿಯ ಶಾಕ್ಯಮುನಿಯ ಪಕ್ಕದಲ್ಲಿ ಮಡಿಲ ಕೈಗಳ ಮೇಲೆ ಕಲಶ ಹಿಡಿದು ಕುಳಿತವನು ಅಮಿತಾಯುಸ್, ಆಯುಷ್ಯದ ಬುದ್ಧ. ಕಲಶ ಇದ್ದರೆ ಅಮಿತಾಯುಸ್. ಇಲ್ಲದಿದ್ದರೆ ಅಮಿತಾಭನೋ ಶಾಕ್ಯಮುನಿಯೋ ಎನ್ನುವುದಕ್ಕೆ ಬೇರೆ ಗುರುತು ಹುಡುಕಬೇಕು.

ಮಲೆನಾಡಿನಲ್ಲಿ ಈ ಮುದ್ರೆ ಇನ್ನೊಂದು ಗೊಂದಲ ತರುತ್ತದೆ. ಹೊಸನಗರ ತಾಲ್ಲೂಕಿನ ಹೊಂಬುಜದಲ್ಲೋ, ಊರ ಹೊರಗಿನ ಯಾವುದೋ ಪಾಳು ಬಸದಿಯಲ್ಲೋ ಪದ್ಮಾಸನದಲ್ಲಿ ಕುಳಿತು ಮಡಿಲಲ್ಲಿ ಕೈಯಿಟ್ಟ ಕಲ್ಲಿನ ಮೂರ್ತಿ ಕಂಡರೆ ಅದು ಬಹುಪಾಲು ಜಿನಬಿಂಬ, ಅಂದರೆ ಜೈನ ತೀರ್ಥಂಕರರ ಮೂರ್ತಿ. ಜಿನನ ಕೈಯೂ ಇದೇ ಭಂಗಿಯಲ್ಲಿರುತ್ತದೆ. ಗುಂಗುರು ಕೂದಲು, ಉದ್ದ ಕಿವಿ ಇಬ್ಬರಿಗೂ ಇವೆ. ನೋಡಬೇಕಾದ್ದು ಬಟ್ಟೆಯ ಅಂಚು. ಬುದ್ಧನ ಎದೆಯ ಮೇಲೆ ಚೀವರದ ಗೆರೆ ಓರೆಯಾಗಿ ಹಾದಿರುತ್ತದೆ, ಕಣಕಾಲ ಹತ್ತಿರ ಬಟ್ಟೆಯ ನೆರಿಗೆ ಇರುತ್ತದೆ. ದಿಗಂಬರ ಜಿನನಿಗೆ ಇವೆರಡೂ ಇಲ್ಲ. ತಲೆಯ ಮೇಲೆ ಮುಕ್ಕೊಡೆ, ಅಕ್ಕಪಕ್ಕ ಯಕ್ಷ ಯಕ್ಷಿ, ಪೀಠದಲ್ಲಿ ಲಾಂಛನ ಇದ್ದರೆ ವಿಷಯ ಮುಗಿಯಿತು. ಇನ್ನು ತೀರ್ಥಂಕರರು ನೆಲ ಮುಟ್ಟುವುದಿಲ್ಲ, ಅಭಯ ಕೊಡುವುದಿಲ್ಲ. ಮಡಿಲ ಕೈ, ಇಲ್ಲವೇ ನಿಂತು ಎರಡೂ ತೋಳು ಇಳಿಬಿಟ್ಟ ಕಾಯೋತ್ಸರ್ಗ, ಇವೆರಡೇ. ಆದ್ದರಿಂದ ಬಲಗೈ ಬೇರೆ ಏನಾದರೂ ಮಾಡುತ್ತಿದ್ದರೆ ಅದು ಜಿನಬಿಂಬವಲ್ಲ.

ಎತ್ತಿದ ಕೈ, ಇಳಿಸಿದ ಕೈ

ಬುದ್ಧನನ್ನು ಮನುಷ್ಯರೂಪದಲ್ಲಿ ಕೆತ್ತಲು ಶುರುವಾದ ಕಾಲದ, ಅಂದರೆ ಸುಮಾರು ಕ್ರಿ.ಶ. 1–2ನೇ ಶತಮಾನದ ಮೂರ್ತಿಗಳಲ್ಲಿ ಹೆಚ್ಚಾಗಿ ಕಾಣುವುದು ಅಭಯ. ಅದಕ್ಕೂ ಮುಂಚಿನ ಶಿಲ್ಪಗಳಲ್ಲಿ ಬುದ್ಧನ ಜಾಗದಲ್ಲಿ ಬರಿದಾದ ಆಸನ, ಪಾದದ ಗುರುತು, ಚಕ್ರ ಇರುತ್ತಿದ್ದವು, ಓದಲು ಕೈಯೇ ಇರಲಿಲ್ಲ. ಮಥುರೆಯ ಕಟ್ರಾ ಬುದ್ಧನಲ್ಲಿ ಬಲಗೈ ಹೆಗಲ ಮಟ್ಟಕ್ಕೆ ಎತ್ತಿದೆ, ಎಡಗೈ ತೊಡೆಯ ಮೇಲೆ ಬಿಗಿಯಾಗಿ ಊರಿದೆ. ಆ ಎಡಗೈಯ ಗತ್ತು ರಾಜನದು. ಅಮರಾವತಿ, ನಾಗಾರ್ಜುನಕೊಂಡದ ಕಡೆಯ ನಿಂತ ಬುದ್ಧರಲ್ಲಿ ಎಡಗೈ ಮೇಲೆ ಬಂದು ಚೀವರದ ಅಂಚು ಹಿಡಿಯುತ್ತದೆ, ಬಟ್ಟೆ ಕೆಳಗೆ ದಪ್ಪ ಮಡಿಕೆಯಾಗಿ ಇಳಿಯುತ್ತದೆ. ಮುದ್ರೆ ಒಂದೇ ಆದರೂ ಎಡಗೈ ನೋಡಿ ಶಿಲ್ಪ ಯಾವ ಸೀಮೆಯದೆಂದು ಊಹಿಸಬಹುದು.

ಅಭಯದ ಹಿಂದೆ ರಾಜಗೃಹದ ಒಂದು ಪ್ರಸಂಗವನ್ನು ನೆನೆಯುತ್ತಾರೆ. ದೇವದತ್ತ ಬುದ್ಧನ ಮೇಲೆ ನಾಲಾಗಿರಿ ಎಂಬ ಮದವೇರಿದ ಆನೆಯನ್ನು ಬಿಟ್ಟಾಗ ಬುದ್ಧನ ಮೈತ್ರಿಗೆ ಸೋತು ಆನೆ ಮಂಡಿಯೂರಿತು. ಹಾಗಂತ ಅಭಯದ ಕೈ ಕಂಡಲ್ಲೆಲ್ಲ ಆನೆಯ ಕಥೆ ಹೇಳಬಾರದು. ಕಾಲ ಬುಡದಲ್ಲಿ ಆನೆ ಇದ್ದರೆ ಆ ಕಥೆ, ಇಲ್ಲದಿದ್ದರೆ ಅದು ‘ಅಂಜಬೇಡ’ ಎನ್ನುವ ಸಾಮಾನ್ಯ ಭರವಸೆ ಅಷ್ಟೆ. ನಮ್ಮ ಶಿವ, ವಿಷ್ಣು, ದೇವಿಯರ ಕೈಯಲ್ಲೂ ಅದೇ ಅಭಯವಿದೆ, ಅದೇ ವರದವಿದೆ. ಮುದ್ರೆಗೆ ಮತದ ಬೇಲಿ ಇಲ್ಲ. ಕೈಯೊಂದನ್ನೇ ನೋಡಿ ಮೂರ್ತಿ ಬೌದ್ಧವೆಂದು ತೀರ್ಮಾನಿಸುವುದು ಅವಸರ.

ವರದ ಸಾಮಾನ್ಯವಾಗಿ ಒಂಟಿಯಾಗಿ ಬರುವುದು ಕಡಿಮೆ. ನಿಂತ ಬುದ್ಧನಲ್ಲಿ ಬಲಗೈ ಅಭಯ, ಎಡಗೈ ವರದ ಎಂಬ ಜೋಡಿ ಚೀನಾ, ಜಪಾನಿನಲ್ಲಿ ತುಂಬ ಸಾಮಾನ್ಯ. ಜಪಾನಿನ ನಾರಾದ ತೋದಾಯ್‌ಜಿಯಲ್ಲಿ 752ರಲ್ಲಿ ಪ್ರತಿಷ್ಠೆಯಾದ ಬೃಹತ್ ವೈರೋಚನ ಬುದ್ಧ ಕುಳಿತಿದ್ದರೂ ಇದೇ ಜೋಡಿಯನ್ನು ತೋರಿಸುತ್ತಾನೆ. ವರದದಲ್ಲಿ ಬೆರಳು ಕೆಳಗೆ, ಅಂಗೈ ಹೊರಗೆ, ಐದೂ ಬೆರಳು ನೀಳ. ಹೆಬ್ಬೆರಳು ತೋರುಬೆರಳಿಗೆ ತಾಗಿ ಉಂಗುರವಾದರೆ ಅರ್ಥ ಬೇರೆ ಕಡೆಗೆ ಹೊರಳುತ್ತದೆ.

ಉಂಗುರದ ಮುದ್ರೆಗಳು

ಹೆಬ್ಬೆರಳು, ತೋರುಬೆರಳು ತುದಿಯಲ್ಲಿ ಕೂಡಿ ಉಂಗುರವಾಗಿ ಉಳಿದ ಮೂರು ಬೆರಳು ಚಾಚಿದ್ದರೆ, ಕೈ ಎದೆಯ ಮಟ್ಟದಲ್ಲಿ ಹೊರಮುಖವಾಗಿದ್ದರೆ ಅದು ವಿತರ್ಕ, ವಿಷಯ ಬಿಡಿಸಿ ಹೇಳುವ ಕೈ. ದಕ್ಷಿಣಾಮೂರ್ತಿಯ ಚಿನ್ಮುದ್ರೆ, ಭರತನಾಟ್ಯದ ಹಂಸಾಸ್ಯ ಹಸ್ತ ನೋಡಿದವರಿಗೆ ಇದು ಪರಿಚಿತ ಆಕಾರ. ನಾಟ್ಯದಲ್ಲಿ ಆ ಹಸ್ತ ಸಂದರ್ಭಕ್ಕೆ ತಕ್ಕಂತೆ ಮುತ್ತು ಪೋಣಿಸುತ್ತದೆ, ತಿಲಕ ಇಡುತ್ತದೆ, ಕ್ಷಣಕ್ಕೊಂದು ಅರ್ಥ ಕೊಡುತ್ತದೆ. ಕಲ್ಲಿನ ಕೈಗೆ ಆ ಸ್ವಾತಂತ್ರ್ಯವಿಲ್ಲ. ಥಾಯ್ಲೆಂಡಿನ ಹಳೆಯ ದ್ವಾರಾವತಿ ರಾಜ್ಯದ ಶಿಲ್ಪಗಳಲ್ಲಿ ಎರಡೂ ಕೈ ಒಟ್ಟಿಗೆ ವಿತರ್ಕದಲ್ಲಿರುತ್ತವೆ, ಅದು ಆ ನಾಡಿನ ಗುರುತು.

ಎರಡು ಉಂಗುರ ಎದೆಯ ಮುಂದೆ ಒಂದನ್ನೊಂದು ತಾಗಿದರೆ ಧರ್ಮಚಕ್ರ. ಸಾರನಾಥದ ಮ್ಯೂಸಿಯಮ್ಮಿನಲ್ಲಿರುವ 5ನೇ ಶತಮಾನದ ಗುಪ್ತ ಬುದ್ಧನನ್ನು ಇದಕ್ಕೆ ಮಾದರಿಯಾಗಿ ಇಟ್ಟುಕೊಳ್ಳಬಹುದು. ಬಲ ಅಂಗೈ ಹೊರಗೆ, ಎಡ ಅಂಗೈ ಎದೆಯ ಕಡೆಗೆ, ಎಡಗೈಯ ಬೆರಳು ಬಲಗೈಯ ಉಂಗುರವನ್ನು ಮುಟ್ಟಿ ಚಕ್ರ ತಿರುಗಿಸುವಂತೆ. ಪೀಠದಲ್ಲಿ ಚಕ್ರ, ಜಿಂಕೆ, ಮೊದಲ ಉಪದೇಶ ಕೇಳಿದ ಐವರು ಶಿಷ್ಯರು. ಅಂದರೆ ಸಾರನಾಥದ ಮೃಗದಾವದಲ್ಲಿ ನಡೆದ ಮೊದಲ ಬೋಧನೆ ಎಂಬುದನ್ನು ಕೈ ಒಮ್ಮೆ, ಪೀಠ ಇನ್ನೊಮ್ಮೆ ಹೇಳುತ್ತದೆ. ಗಾಂಧಾರದ ಧರ್ಮಚಕ್ರ ಸ್ವಲ್ಪ ಬೇರೆ: ಅಲ್ಲಿ ಬಲಗೈ ಮುಚ್ಚಿದ ಮುಷ್ಟಿಯಂತಿದ್ದು ಎಡಗೈಯ ಬೆರಳ ತುದಿಗಳನ್ನು ಹಿಡಿದಂತೆ ಕಾಣುತ್ತದೆ.

ಈ ಕೈ ಶಾಕ್ಯಮುನಿಯದಷ್ಟೇ ಅಲ್ಲ. ಕಾಲು ಇಳಿಬಿಟ್ಟು ಕುಳಿತು ಧರ್ಮಚಕ್ರ ಹಿಡಿದವನು ಟಿಬೆಟಿನ ಮಠಗಳಲ್ಲಿ ಸಾಮಾನ್ಯವಾಗಿ ಮೈತ್ರೇಯ, ಮುಂದೆ ಬರಲಿರುವ ಬುದ್ಧ. ಮುಂಡಗೋಡಿನ ಗಾಂದೆನ್, ಡ್ರೆಪುಂಗ್ ಮಠಗಳಿಗೆ ಹೋದವರು ಹಳದಿ ಚೂಪು ಟೋಪಿಯ ಗುರುವಿನ ಮೂರ್ತಿಯಲ್ಲೂ ಇದೇ ಕೈ ನೋಡಿರುತ್ತಾರೆ. ಬೆರಳುಗಳ ನಡುವಿನಿಂದ ಎರಡು ತಾವರೆ ದಂಟು ಮೇಲೆದ್ದು ಒಂದರ ಮೇಲೆ ಖಡ್ಗ, ಇನ್ನೊಂದರ ಮೇಲೆ ಪುಸ್ತಕ ಇದ್ದರೆ ಅವನು ಸೊಂಗ್‌ಖಾಪ, ಟಿಬೆಟಿನ ಗೆಲುಗ್ ಪಂಥದ ಮೂಲಗುರು.

ಉಳಿದವನ್ನು ಬೇಗ ಹೇಳಿ ಮುಗಿಸಬಹುದು. ಅಂಜಲಿ, ಅಂದರೆ ಕೈಮುಗಿಯುವುದು, ಬುದ್ಧನ ಕೈಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದು ಭಕ್ತರದು, ಬುದ್ಧರಾಗುವ ಹಾದಿಯಲ್ಲಿರುವ ಬೋಧಿಸತ್ವರದು. ಕರುಣೆಯ ಬೋಧಿಸತ್ವನಾದ ನಾಲ್ಕು ಕೈಯ ಅವಲೋಕಿತೇಶ್ವರ ಮುಂದಿನ ಎರಡು ಕೈ ಮುಗಿದಿರುತ್ತಾನೆ, ಹಿಂದಿನವುಗಳಲ್ಲಿ ಜಪಮಾಲೆ, ತಾವರೆ. ತೋರುಬೆರಳು ಎತ್ತಿ ಗದರಿಸುವುದು ತರ್ಜನಿ. ತೋರುಬೆರಳು, ಕಿರುಬೆರಳು ಎತ್ತಿ ನಡುವಿನೆರಡನ್ನು ಹೆಬ್ಬೆರಳಿನಿಂದ ಒತ್ತಿದರೆ ಕರಣ, ವಿಘ್ನ ಓಡಿಸುವ ಕೈ. ಎದೆಯ ಮುಂದೆ ವಜ್ರ, ಘಂಟೆ ಹಿಡಿದ ಮುಂಗೈಗಳು ಅಡ್ಡಹಾಯ್ದರೆ ವಜ್ರಹುಂಕಾರ. ಇವೆಲ್ಲ ತಂತ್ರಯಾನದ, ಅಂದರೆ ಮಂತ್ರ ತಂತ್ರಕ್ಕೆ ಒತ್ತು ಕೊಡುವ ಬೌದ್ಧ ಮಾರ್ಗದ, ಮೂರ್ತಿಗಳಲ್ಲಿ ಹೆಚ್ಚು.

ದಿಕ್ಕಿಗೊಂದು ಕೈ

ತಂತ್ರಯಾನದಲ್ಲಿ ಐದು ಬುದ್ಧರಿಗೆ ಐದು ಮುದ್ರೆ ಗೊತ್ತುಪಡಿಸಿದ್ದಾರೆ. ಪೂರ್ವಕ್ಕೆ ಅಕ್ಷೋಭ್ಯ, ನೀಲಿ, ಭೂಮಿಸ್ಪರ್ಶ, ವಾಹನ ಆನೆ. ದಕ್ಷಿಣಕ್ಕೆ ರತ್ನಸಂಭವ, ಹಳದಿ, ವರದ, ಕುದುರೆ. ಪಶ್ಚಿಮಕ್ಕೆ ಅಮಿತಾಭ, ಕೆಂಪು, ಧ್ಯಾನ, ನವಿಲು. ಉತ್ತರಕ್ಕೆ ಅಮೋಘಸಿದ್ಧಿ, ಹಸಿರು, ಅಭಯ, ಗರುಡ. ನಡುವೆ ವೈರೋಚನ, ಬಿಳಿ, ಧರ್ಮಚಕ್ರ, ಸಿಂಹ. ಜಪಾನಿನ ಗುಹ್ಯ ಪಂಥದಲ್ಲಿ ವೈರೋಚನನ ಕೈ ಬೋಧ್ಯಗ್ರಿಯಾಗುತ್ತದೆ: ಎಡಗೈಯ ಎತ್ತಿದ ತೋರುಬೆರಳನ್ನು ಬಲಮುಷ್ಟಿ ಹಿಡಿಯುತ್ತದೆ. ಶಾಕ್ಯಮುನಿಯ ಬದುಕಿನ ಘಟನೆಗಳಾಗಿದ್ದ ಕೈಗಳು ಇಲ್ಲಿ ದಿಕ್ಕುಗಳಾಗಿಬಿಟ್ಟವು. ಒಂಟಿ ಮೂರ್ತಿಯಲ್ಲಿ ನೆಲ ಮುಟ್ಟುವ ಕೈ ಬೋಧಗಯೆಯ ಆ ರಾತ್ರಿ. ಐದರ ಸಾಲಿನಲ್ಲಿ ಅದೇ ಕೈ ಪೂರ್ವ ದಿಕ್ಕು.

ಇಂಡೊನೇಷ್ಯಾದ ಜಾವಾ ದ್ವೀಪದ ಬೊರೊಬುದೂರ್ ಸ್ತೂಪ ಈ ಲೆಕ್ಕವನ್ನು ಇಡೀ ಬೆಟ್ಟಕ್ಕೆ ಹಾಸಿದೆ. ಒಟ್ಟು 504 ಬುದ್ಧರು. ಚೌಕ ಅಂತಸ್ತುಗಳ 432ರಲ್ಲಿ ಕೆಳಗಿನ ನಾಲ್ಕು ಸಾಲಿನ 368 ಮೂರ್ತಿಗಳು ದಿಕ್ಕಿಗೆ 92ರಂತೆ ಹಂಚಿಕೊಂಡು ಪೂರ್ವದಲ್ಲಿ ಭೂಮಿಸ್ಪರ್ಶ, ದಕ್ಷಿಣದಲ್ಲಿ ವರದ, ಪಶ್ಚಿಮದಲ್ಲಿ ಧ್ಯಾನ, ಉತ್ತರದಲ್ಲಿ ಅಭಯ ತೋರಿಸುತ್ತವೆ. ಐದನೇ ಸಾಲಿನ 64 ಮೂರ್ತಿಗಳು ದಿಕ್ಕಿನ ಹಂಗಿಲ್ಲದೆ ವಿತರ್ಕದಲ್ಲಿವೆ. ಮೇಲಿನ ವೃತ್ತಗಳಲ್ಲಿ ಜಾಲಂಧ್ರದ ಸ್ತೂಪಗಳೊಳಗೆ ಕುಳಿತ 72 ಮಂದಿ ಧರ್ಮಚಕ್ರದಲ್ಲಿ. ಇವುಗಳಲ್ಲಿ 300ಕ್ಕೂ ಹೆಚ್ಚು ಮೂರ್ತಿಗಳು ಭಗ್ನವಾಗಿವೆ. ಆದರೂ ಕೈ ಮುರಿದ ಮೂರ್ತಿ ಯಾವ ಬದಿಯ ಯಾವ ಸಾಲಿನದೆಂದು ಗೊತ್ತಾದರೆ ಇಲ್ಲದ ಕೈಯ ಮುದ್ರೆಯನ್ನು ಹೇಳಬಹುದು.

ಕೈ ಮುರಿದಿದ್ದರೆ

ಜಾಗದ ನೆರವಿಲ್ಲದಿದ್ದರೂ ಮುರಿದ ಕಲ್ಲು ಸುಳಿವು ಬಿಟ್ಟಿರುತ್ತದೆ. ಮೊಣಕೈ ಮಡಿಚಿ ತುಂಡು ಮೇಲ್ಮುಖವಾಗಿದ್ದರೆ ಅಭಯ ಅಥವಾ ವಿತರ್ಕ. ಎದೆಯ ನಡುವೆ ಒರಟಾದ ಕಲೆ ಉಳಿದು, ಎರಡೂ ಮೊಣಕೈ ಮಡಿಚಿದ್ದರೆ ಬಹುತೇಕ ಧರ್ಮಚಕ್ರ. ಬಲ ಮಂಡಿಯ ಹೊರಮೈಯಲ್ಲಿ ಉದ್ದನೆಯ ಗಾಯವಿದ್ದು ಆಸನದ ಮೇಲೆ ನಾಲ್ಕು ಸಣ್ಣ ಉಬ್ಬು ಉಳಿದಿದ್ದರೆ ಅವು ಭೂಮಿಸ್ಪರ್ಶದ ಬೆರಳ ತುದಿಗಳು. ಬಲ ಹೆಗಲ ಮುಂದೆ ಚಿಕ್ಕ ಚೌಕ ಮುರುಕು ಕಂಡರೆ ಅದು ಎತ್ತಿದ ಕೈ ಬೀಳದಂತೆ ಹೆಗಲಿಗೂ ಅಂಗೈಗೂ ನಡುವೆ ಬಿಟ್ಟಿದ್ದ ಕಲ್ಲಿನ ಆಸರೆ. ಗಾಂಧಾರದ ಮೂರ್ತಿಗಳಲ್ಲಿ ಮಣಿಕಟ್ಟಿನ ಜಾಗದಲ್ಲಿ ನಯವಾದ ಮೈ ಮತ್ತು ನಡುವೆ ತೂತು ಇರುವುದುಂಟು. ಅದು ಮುರಿದದ್ದಲ್ಲ, ಕೈಯನ್ನು ಬೇರೆ ಕಲ್ಲಿನಲ್ಲಿ ಮಾಡಿ ಗೂಟದಿಂದ ಸೇರಿಸಿದ್ದು ಕಳಚಿ ಹೋಗಿದೆ.

ನಮ್ಮ ಭಾಗದಲ್ಲಿ ಈ ಜಾಣ್ಮೆ ಬೇಕಾಗುವುದು ಬಳ್ಳಿಗಾವಿಯಂಥ ಕಡೆ. ಸಿಂಹಳದ ಹಳೆಯ ಇತಿಹಾಸ ಗ್ರಂಥ ಮಹಾವಂಸ, ಅಶೋಕನ ಕಾಲದ ಸಂಗೀತಿಯ, ಅಂದರೆ ಭಿಕ್ಷುಗಳ ಮಹಾಸಭೆಯ, ನಂತರ ರಕ್ಖಿತ ಎಂಬ ಥೇರನನ್ನು, ಅಂದರೆ ಹಿರಿಯ ಭಿಕ್ಷುವನ್ನು, ವನವಾಸಕ್ಕೆ, ಅಂದರೆ ಬನವಾಸಿಯ ಸೀಮೆಗೆ, ಕಳಿಸಿದರು ಎನ್ನುತ್ತದೆ. ಸಾವಿರ ವರ್ಷಕ್ಕೂ ಮೀರಿ ಕಳೆದ ಮೇಲೆ, 1065ರಲ್ಲಿ, ಚಾಲುಕ್ಯ ಆಹವಮಲ್ಲ ಸೋಮೇಶ್ವರನ ಅಧಿಕಾರಿ ರೂಪಭಟ್ಟಯ್ಯ ಬಳ್ಳಿಗಾವಿಯಲ್ಲಿ ಜಯಂತಿ ಬೌದ್ಧ ವಿಹಾರ ಕಟ್ಟಿಸಿ ಬೌದ್ಧ ದೇವಿ ತಾರಾ ಭಗವತಿ, ಲೋಕೇಶ್ವರ (ಅವಲೋಕಿತೇಶ್ವರ) ಇವರ ಪೂಜೆಗೆ ದತ್ತಿ ಬಿಟ್ಟಿದ್ದನ್ನು ಶಾಸನ ಹೇಳುತ್ತದೆ. ಶೈವ, ವೈಷ್ಣವ, ಜೈನ, ಬೌದ್ಧ ಎಲ್ಲ ಒಂದೇ ಊರಿನಲ್ಲಿದ್ದ ಕಾಲ ಅದು. ಹೀಗಾಗಿ ಅಲ್ಲಿಯ ಒಂದು ದೇವಿ ಶಿಲ್ಪವನ್ನು ನೋಡುವಾಗ ಪಾರ್ವತಿಯೋ, ಯಕ್ಷಿಯೋ, ತಾರೆಯೋ ಎಂಬ ಪ್ರಶ್ನೆ ಸಹಜ. ತಾರೆಯ ಪ್ರಸಿದ್ಧ ರೂಪದಲ್ಲಿ ಎರಡೇ ಕೈ: ಬಲಗೈ ವರದ, ಎಡಗೈ ನೈದಿಲೆಯ ದಂಟು ಹಿಡಿದು ಎದೆಯ ಹತ್ತಿರ. ಕುಳಿತಿದ್ದರೆ ಬಲಗಾಲು ಇಳಿಬಿಟ್ಟು ಲಲಿತಾಸನ. ಹೂವಿನ ತಲೆ ಮುರಿದಿದ್ದರೂ ದಂಟು ಎಡ ಹೆಗಲ ಪಕ್ಕ ಏರಿದ ಗೆರೆ ಹೆಚ್ಚಾಗಿ ಉಳಿದಿರುತ್ತದೆ, ಮೊದಲು ಅದನ್ನು ಹುಡುಕಬೇಕು. ಘಟ್ಟದ ಕೆಳಗೆ ಮಂಗಳೂರಿನ ಕದ್ರಿಯಲ್ಲಿ ಆಳುಪ ಅರಸ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಮೂರು ಮುಖ, ಆರು ಕೈಯ ಕಂಚಿನ ಲೋಕೇಶ್ವರ ಇಂದಿಗೂ ದೇವಸ್ಥಾನದಲ್ಲೇ ಇದ್ದಾನೆ, ಇಸವಿಯ ಆಧಾರ ಪೀಠದ ಬರಹ.

ಮರದಲ್ಲಿ ಕೈ ಬಿಡಿಸುವಾಗ

ಗುಡಿಗಾರರ ಉಳಿಗೆ ಬುದ್ಧನ ಮೈಗಿಂತ ಕೈ ಹೆಚ್ಚು ಕೆಲಸ ಕೊಡುತ್ತದೆ. ಶಿಲ್ಪಶಾಸ್ತ್ರದ ಒಂದು ಪರಿಚಿತ ಲೆಕ್ಕದಲ್ಲಿ ಮುಖದ ಉದ್ದ 12 ಅಂಗುಲ (ಇಲ್ಲಿ ಅಂಗುಲ ಎಂದರೆ ಮುಖದ ಉದ್ದದ 12ರಲ್ಲಿ ಒಂದು ಪಾಲು), ಮಣಿಕಟ್ಟಿನಿಂದ ನಡುಬೆರಳ ತುದಿಯವರೆಗಿನ ಕೈಯೂ 12 ಅಂಗುಲ. ಅದರಲ್ಲಿ ಅಂಗೈ 7, ನಡುಬೆರಳು 5. ತೋರುಬೆರಳು ನಡುಬೆರಳಿಗಿಂತ ಅರ್ಧ ಗೆಣ್ಣು ಗಿಡ್ಡ, ಉಂಗುರಬೆರಳು ತೋರುಬೆರಳಷ್ಟೇ, ಕಿರುಬೆರಳು ಒಂದು ಗೆಣ್ಣು ಗಿಡ್ಡ. ಮುಖ 3 ಸೆಂಟಿಮೀಟರ್ ಇರುವ ಮೂರ್ತಿಯಲ್ಲಿ ಅಂಗೈ 17.5 ಮಿಲಿಮೀಟರ್, ನಡುಬೆರಳು 12.5 ಮಿಲಿಮೀಟರ್ ಆಗುತ್ತದೆ. ಪೇಟೆಯ ಬಹುಪಾಲು ಮೂರ್ತಿಗಳಲ್ಲಿ ಕೈ ಇದಕ್ಕಿಂತ ಚಿಕ್ಕದು, ಮಗುವಿನ ಕೈಯಂತೆ. ಮುಖದ ಮೇಲೆ ಕೈಯಿಟ್ಟರೆ ಗಲ್ಲದಿಂದ ಹಣೆಯ ಕೂದಲಂಚಿನವರೆಗೆ ಮುಚ್ಚಬೇಕು, ಈ ಅಂದಾಜು ಕಣ್ಣಳತೆಗೆ ಸಾಕು.

ಮರ ಎಳೆಯ ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಮೆದು. ತುಂಡನ್ನು ಎಳೆ ನೆಟ್ಟಗಿರುವಂತೆ ನಿಲ್ಲಿಸಿ ಕೆತ್ತುವುದರಿಂದ ಮೇಲೆ ಎತ್ತಿದ ಅಭಯದ ಬೆರಳೂ ಕೆಳಗಿಳಿದ ಭೂಮಿಸ್ಪರ್ಶದ ಬೆರಳೂ ಎಳೆಯ ಉದ್ದಕ್ಕೇ ಬರುತ್ತವೆ, ತಾಳಿಕೊಳ್ಳುತ್ತವೆ. ಧ್ಯಾನದಲ್ಲಿ ಬೆರಳು ಅಡ್ಡ ಮಲಗುತ್ತವೆ, ಆದರೆ ಕೆಳಗೆ ಮಡಿಲು ಹೊತ್ತಿರುವುದರಿಂದ ಭಯವಿಲ್ಲ. ಬೆರಳ ಅಡಿ ಕೊರೆದು ಬೆಳಕು ಹಾಯಿಸುವ ಆಸೆಗೆ ಬಿದ್ದರಷ್ಟೇ ಮುರಿಯುತ್ತದೆ. ಕಷ್ಟ ಧರ್ಮಚಕ್ರದ್ದು. ಬಲಗೈಯ ಬೆರಳು ಮೇಲ್ಮುಖ, ಎಡಗೈಯವು ಅಡ್ಡ. ಆ ಅಡ್ಡ ಬೆರಳಿಗೆ ಎರಡು ಕಡೆ ಆಸರೆ ಬೇಕು: ಒಂದು ಕಡೆ ಬಲಗೈ, ಇನ್ನೊಂದು ಕಡೆ ಎದೆ. ಅದಕ್ಕೇ ಅನುಭವಿಗಳು ಎಡ ಅಂಗೈಯನ್ನು ಎದೆಗೆ ಅಂಟಿಸಿಯೇ ಬಿಡುತ್ತಾರೆ. ಸಾರನಾಥದ ಕಲ್ಲಿನಲ್ಲೂ ಕೈಗಳು ಎದೆಗೆ ಹತ್ತಿರವೇ ಇವೆ, ಆ ಮೂರ್ತಿಯ ಬೆರಳು ಇಷ್ಟು ಕಾಲ ಉಳಿದದ್ದಕ್ಕೆ ಅದೂ ಒಂದು ಕಾರಣವಿರಬಹುದು. ಗುಪ್ತರ ಕಾಲದ ಮೂರ್ತಿಗಳಲ್ಲಿ ಬೆರಳುಗಳ ನಡುವೆ ತೆಳು ಪೊರೆ ಕಾಣುತ್ತದೆ. ಪರಂಪರೆ ಅದನ್ನು 32 ಲಕ್ಷಣಗಳಲ್ಲಿ ಎಣಿಸುತ್ತದೆ, ಕೆತ್ತುವವನಿಗೆ ಅದು ಬೆರಳು ಕಾಯುವ ಉಪಾಯವೂ ಹೌದು.

ಕೆಲಸದ ಸರದಿಯೂ ಮುಖ್ಯ. ಐದು ಬೆರಳನ್ನು ಮೊದಲೇ ಬಿಡಿಸಬಾರದು. ಕೈಯನ್ನು ಒಂದೇ ಗಟ್ಟಿಯಾಗಿಟ್ಟು ಅಂಗೈ, ಹಿಂಬದಿ, ಓರೆ ಎಲ್ಲ ಸರಿಮಾಡಿ, ಹೆಬ್ಬೆರಳನ್ನು ಬೇರ್ಪಡಿಸಿ, ಉಳಿದ ನಾಲ್ಕಕ್ಕೆ ಗೆರೆ ಹಾಕಿ, ಮೈಯ ಕೆಲಸ ಎಲ್ಲ ಮುಗಿದ ಮೇಲೆ ಬೆರಳಿನ ಸಂದು ಕೊರೆಯಬೇಕು. ವಿತರ್ಕದ ಉಂಗುರದಲ್ಲಿ ತೂತು ಮೊದಲು, ಬೆರಳಿನ ಹೊರಮೈ ಆಮೇಲೆ. ತಿರುವು ಮುರುವಾದರೆ ಕೊರೆಯುವ ಒತ್ತಡಕ್ಕೆ ತೋರುಬೆರಳು ಗೆಣ್ಣಿನಲ್ಲೇ ಸೀಳುತ್ತದೆ. ಉಜ್ಜುಕಾಗದ ತುದಿಯ ಕಡೆಗೆ ಹೋಗಬೇಕು, ತುದಿಯಿಂದ ಬುಡಕ್ಕಲ್ಲ. ತುಂಡು ಸಾಲದೆ ಕೈಯನ್ನು ಬೇರೆ ಮಾಡಿ ಅಂಟಿಸುವುದಾದರೆ ಎರಡು ತುಂಡಿನ ಎಳೆಯ ದಿಕ್ಕು ಒಂದೇ ಇರಲಿ. ಮಲೆನಾಡಿನ ಮಳೆಗಾಲದಲ್ಲಿ ಮರ ಅಡ್ಡಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ದಿಕ್ಕು ಬೇರೆಯಾದರೆ ಮಣಿಕಟ್ಟಿನಲ್ಲಿ ಬಿರುಕು ಬಿಡುವುದು ಖಚಿತ.

ಫೈಬರ್, ಪ್ಲಾಸ್ಟರ್ ಮೂರ್ತಿಗಳ ಕೈ ಕೆಡುವುದು ಬೇರೆ ಕಾರಣಕ್ಕೆ. ಎರಡು ಹೋಳಿನ ಅಚ್ಚಿನಿಂದ ಎರಕ ಹೊರಬರಬೇಕಾದರೆ ಒಳಗೆ ಸಿಕ್ಕಿಕೊಳ್ಳುವ ಸಂದು ಇರಬಾರದು. ಹಾಗಾಗಿ ಅಚ್ಚು ಮಾಡುವವರು ಉಂಗುರದ ತೂತು ಮುಚ್ಚುತ್ತಾರೆ, ಬೆರಳ ಸಂದು ತುಂಬುತ್ತಾರೆ. ವಿತರ್ಕ ಅಭಯದಂತೆ ಕಾಣತೊಡಗುತ್ತದೆ, ಧರ್ಮಚಕ್ರ ಎದೆಯ ಮೇಲಿನ ಗಂಟಾಗುತ್ತದೆ. ಕಂಚಿನ ಮೇಣದ ಎರಕದಲ್ಲಿ ತೂತು ಉಳಿಸಬಹುದು, ಆದರೆ ಸಣ್ಣ ಬೆರಳ ತುದಿಗೆ ಲೋಹ ಹೋಗಿ ಸೇರುವ ಮೊದಲೇ ತಣ್ಣಗಾದರೆ, ಅಥವಾ ಅಲ್ಲಿ ಗಾಳಿ ಸಿಕ್ಕಿಕೊಂಡರೆ, ಬೆರಳು ಮೊಂಡಾಗುತ್ತದೆ. ಕೊಳ್ಳುವಾಗ ಮೂರ್ತಿಯನ್ನು ಬೆಳಕಿಗೆ ಹಿಡಿದು ಉಂಗುರದ ಮೂಲಕ ಆಚೆ ಕಾಣುತ್ತದೆಯೇ ನೋಡಿ. ಆಮೇಲೆ ಮಣಿಕಟ್ಟಿನ ಸುತ್ತ ಕೂದಲೆಳೆಯ ಗೆರೆ ಇದೆಯೇ ಎಂದು ಉಗುರಿನಿಂದ ಸವರಿ. ಇದ್ದರೆ ಕೈ ಅಂಟಿಸಿದ್ದು. ಮರದಲ್ಲಿ ಮಾಡಿಸುವುದಾದರೆ ಬರಿ ‘ಬುದ್ಧ ಬೇಕು’ ಎನ್ನದೆ ನಿಂತದ್ದೋ ಕುಳಿತದ್ದೋ, ಬಲಗೈ ಎಲ್ಲಿ, ಅಂಗೈ ಯಾವ ಕಡೆ, ಎಡಗೈಯಲ್ಲಿ ಪಾತ್ರೆ ಬೇಕೋ ಬೇಡವೋ, ಈ ನಾಲ್ಕನ್ನು ಚೀಟಿಯಲ್ಲಿ ಬರೆದು ಕೊಡಿ.